ಮುದ್ದೆ ಅಗಿದವಳು

ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ. ಬೆರಳಲ್ಲಿ ಮುರಿದು, ಸಾರಿನಲ್ಲಿ ಹೊರಳಿಸಿ, ಗಂಟಲಿಗೆ ಬಿಟ್ಟರೆ ಅದು ತಾನಾಗಿ ಇಳಿಯಬೇಕು. ಅಗಿಯುವವರನ್ನು ಕಂಡರೆ ಚಿಂತಾಮಣಿಯ ಚಿಕ್ಕ ಮಕ್ಕಳೂ ನಗುತ್ತವೆ. ಹಾಗಿರುವಾಗ, ಹುಟ್ಟಿದಾಗಿನಿಂದ ಮುದ್ದೆ ನುಂಗಿ ಬೆಳೆದ ನಾನು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಹೆಂಗಸು, ಒಂದು ಮಧ್ಯಾಹ್ನ ತಟ್ಟೆಯ ಮುಂದೆ ಕೂತು ಮುದ್ದೆಯನ್ನು ಕಚಕಚ ಅಗಿಯತೊಡಗಿದೆ. ನನಗೆ ತಲೆ ಕೆಟ್ಟಿದೆ ಎನ್ನುವುದಕ್ಕೆ ಮನೆಯವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಎರಡು ಸಲ ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲಿ ಇದ್ದು ಬಂದಿದ್ದೇನೆ. ಮೊದಲ ಸಲ ಸೇರಿಸಿದರು, ಎರಡನೆಯ ಸಲ ನಾನೇ ಸೇರಿದೆ. ಈಗೆಲ್ಲ ಹಿಂದಿನ ಹಾಗಿಲ್ಲ, ಕಾನೂನು ಬದಲಾಗಿದೆ, ಆಸ್ಪತ್ರೆಗಳು ಬದಲಾಗಿವೆ ಎಂದು ತಿಳಿದವರು ಹೇಳುತ್ತಾರೆ. ಬದಲಾಗಿರುವುದು ನಿಜ. ಆದರೆ ಯಾರಾದರೂ ಬಾಯಿ ತುಂಬ ‘ಎಲ್ಲ ಬದಲಾಗಿದೆ’ ಎಂದರೆ ನನಗೆ ಅನುಮಾನ ಬರುತ್ತದೆ. ಅನುಮಾನವೇ ನನ್ನ ಕಾಯಿಲೆ ಎಂದು ಡಾಕ್ಟರು ಹೇಳಿದ್ದಾರೆ. ಓದುವವರು ಅದನ್ನೂ ಲೆಕ್ಕಕ್ಕೆ ಹಿಡಿದು ಓದಿಕೊಳ್ಳಲಿ.

ಕಾಯಿಲೆ ಶುರುವಾದದ್ದು ಸ್ಟಾಫ್ ರೂಮಿನಲ್ಲಿ. ನಾನು ಒಳಗೆ ಹೋದ ತಕ್ಷಣ ಮಾತು ನಿಲ್ಲುತ್ತಿತ್ತು. ಎಲ್ಲರ ಮನೆಯಲ್ಲೂ, ಎಲ್ಲ ಕಚೇರಿಯಲ್ಲೂ ಒಂದಲ್ಲ ಒಂದು ಸಲ ಹಾಗಾಗುತ್ತದೆ, ಆದರೆ ನನಗೆ ಆ ಮೌನದ ಒಳಗೆ ನನ್ನ ಹೆಸರು ಕೇಳಿಸುತ್ತಿತ್ತು. ಆಮೇಲೆ ಶಾಲೆಯ ಎದುರಿನ ಎಳನೀರಿನವನು. ನಾನು ಗೇಟು ದಾಟಿದಾಗೆಲ್ಲ ಅವನು ಮಚ್ಚು ಎತ್ತಿ ಒಂದು ಕಾಯಿ ಕೊಚ್ಚುತ್ತಿದ್ದ. ಗಿರಾಕಿ ಇರಲಿ ಬಿಡಲಿ, ಕೊಚ್ಚುತ್ತಿದ್ದ. ಅದು ಯಾರಿಗೋ ಕೊಡುವ ಸೂಚನೆ ಎಂದು ನಾನು ತೀರ್ಮಾನಿಸಿದ್ದೆ. ಹೆಡ್‌ಮಿಸ್ಸಿಗೆ ಹೇಳಿದೆ. ಅವರು ನನ್ನ ಅಣ್ಣನಿಗೆ ಫೋನ್ ಮಾಡಿದರು.

ಅಣ್ಣ ಶಿಡ್ಲಘಟ್ಟದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಮಾತು ಕಡಿಮೆ, ಓಡಾಟ ಜಾಸ್ತಿ. ಅವನು ಬಂದು ಅಮ್ಮನ ಜೊತೆ ಅಡುಗೆಮನೆಯಲ್ಲಿ ನಿಂತು ಪಿಸುಗುಟ್ಟಿ ಹೋದ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿದ್ದವರು ನಾನೂ ಅಮ್ಮನೂ ಇಬ್ಬರೇ. ಆ ವಾರದಿಂದ ನನ್ನ ತಟ್ಟೆಯ ಮುದ್ದೆಗೆ ತುಪ್ಪ ಬರತೊಡಗಿತು. ಮುದ್ದೆಯ ನೆತ್ತಿಯಲ್ಲಿ ಹೆಬ್ಬೆರಳಿನಿಂದ ಒಂದು ಗುಳಿ, ಗುಳಿಯೊಳಗೆ ಕರಗಿದ ತುಪ್ಪ. ನಮ್ಮಮ್ಮ ತುಪ್ಪದ ವಿಷಯದಲ್ಲಿ ಬಲು ಕೈಬಿಗಿ. ಹಬ್ಬಕ್ಕೂ ಚಮಚದ ತುದಿ ತೋರಿಸುವವಳು. ಅವಳು ದಿನಾ ನನಗೆ ಮಾತ್ರ ತುಪ್ಪ ಬಿಡುತ್ತಾಳೆ ಅಂದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ?

ಕೆಲವೇ ದಿನದಲ್ಲಿ ನಾಲಿಗೆ ದಪ್ಪವಾಯಿತು. ಬೋರ್ಡಿನ ಮೇಲೆ ಬರೆಯಲು ಕೈಯೆತ್ತಿದರೆ ಬೆರಳು ಬಿಗಿಯುತ್ತಿತ್ತು. ಮಧ್ಯಾಹ್ನದ ಪಾಠದ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು. ಅವತ್ತು ಭಾನುವಾರ, ಬಸ್ಸಾರು ಮುದ್ದೆ. ಮೊದಲ ತುತ್ತನ್ನು ಗಂಟಲಿಗೆ ಬಿಡದೆ ಹಲ್ಲಿಗೆ ಕೊಟ್ಟೆ. ಕಹಿ ಇತ್ತು. ನಿಧಾನವಾಗಿ, ಪೂರ್ತಿ ಅಗಿದೆ. ನಾಲಿಗೆಗೆ ಪುಡಿಪುಡಿಯಾಗಿ ಏನೋ ಸಿಕ್ಕಿತು.

“ಯಾಕೆ ಕಣೇ ಅಗೀತಿದ್ದೀಯ?” ಅಂದಳು ಅಮ್ಮ.

“ಏನ್ ಹಾಕಿದ್ದೀಯ ಇದಕ್ಕೆ?”

“ರಾಗಿ ಕಣೇ. ಮುದ್ದೆಗೆ ಇನ್ನೇನ್ ಹಾಕ್ತಾರೆ.”

“ಕಹಿ ಇದೆ.”

“ನಿನ್ನ ಬಾಯೇ ಕಹಿಯಾಗಿದೆ. ನಿದ್ದೆ ಇಲ್ಲದ ಬಾಯಿ.”

ಅವಳು ನನ್ನ ಮುಖ ನೋಡದೆ ಸಾರಿನ ಪಾತ್ರೆಯ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು. ಅವತ್ತಿನಿಂದ ಎಲ್ಲವನ್ನೂ ಅಗಿಯತೊಡಗಿದೆ. ಆಮೇಲೆ ಮನೆಯಲ್ಲಿ ಊಟವನ್ನೇ ಬಿಟ್ಟೆ. ಅಂಗಡಿಯ ಬಿಸ್ಕತ್ತು, ಸಿಪ್ಪೆ ಸುಲಿಯದ ಬಾಳೆಹಣ್ಣು, ಇಷ್ಟೇ. ನನಗೆ ಆಗ ಬೇಕಾಗಿದ್ದದ್ದು ಒಂದೇ ಒಂದು ಉತ್ತರ. ಮುದ್ದೆಯಲ್ಲಿ ಏನಾದರೂ ಇತ್ತೋ, ಇಲ್ಲವೋ. ಇತ್ತು ಅಂದರೆ ನನ್ನ ನಾಲಿಗೆ ಸರಿಯಿದೆ, ನಾನು ಎಲ್ಲೋ ಸ್ವಲ್ಪ ಸರಿಯಿದ್ದೇನೆ. ಇರಲಿಲ್ಲ ಅಂದರೆ ನನ್ನ ಕಣ್ಣು ಕಿವಿ ನಾಲಿಗೆ ಯಾವುದನ್ನೂ ನಾನು ನಂಬುವ ಹಾಗಿಲ್ಲ. ಮುಂದೆ ಎಷ್ಟೋ ವರ್ಷ ನನ್ನನ್ನು ತಿಂದದ್ದು ಈ ಪ್ರಶ್ನೆ.

ಒಂದು ಬೆಳಿಗ್ಗೆ ಅಣ್ಣ ಸ್ನೇಹಿತನ ಕಾರು ತಂದ. “ರೆಡಿ ಆಗಮ್ಮ, ಕೈವಾರಕ್ಕೆ ಹೋಗಿ ಬರಣ. ಮನಸ್ಸಿಗೆ ನೆಮ್ಮದಿಯಾಗುತ್ತೆ” ಅಂದ. ದೇವಸ್ಥಾನದ ಬಾಗಿಲಲ್ಲಿ ಒಳಗೆ ಬರದೆ ಚಪ್ಪಲಿ ಕಾಯುತ್ತ ನಿಲ್ಲುವವನು ನಮ್ಮಣ್ಣ. ಅವನಿಗೆ ಇದ್ದಕ್ಕಿದ್ದ ಹಾಗೆ ಕೈವಾರ ಯಾಕೆ ಬೇಕಾಯಿತು? ಅಮ್ಮ ಒಂದು ಚೀಲ ಹಿಡಿದಿದ್ದಳು. ಚೀಲದ ಬಾಯಿಂದ ನನ್ನ ನೈಟಿಯ ಅಂಚು ಕಾಣುತ್ತಿತ್ತು. ಆದರೂ ಹತ್ತಿದೆ. ಸುಸ್ತಾಗಿತ್ತು. ಎಲ್ಲಿಗಾದರೂ ಕರೆದುಕೊಂಡು ಹೋಗಲಿ ಅನಿಸಿತ್ತು.

ಕೈವಾರ ಕ್ರಾಸ್ ಬಂತು. ಕಾರು ತಿರುಗಲಿಲ್ಲ.

“ಅಣ್ಣಾ, ಕ್ರಾಸ್ ಹಿಂದೆ ಹೋಯ್ತು.”

“ಆ ರೋಡಲ್ಲಿ ಕೆಲಸ ನಡೀತಿದೆ. ಮುಂದಿಂದ ಹೋಗಣ.”

ಹೊಸಕೋಟೆ ದಾಟಿದ ಮೇಲೆ ನಾನು ಕೇಳುವುದನ್ನು ಬಿಟ್ಟೆ. ಅಮ್ಮ ಪಕ್ಕದಲ್ಲಿ ಕೂತು ನನ್ನ ಕೈ ಹಿಡಿದುಕೊಂಡಿದ್ದಳು. ಪ್ರೀತಿಗೆ ಹಿಡಿದಿದ್ದಳೋ, ಬಾಗಿಲು ತೆಗೆದು ಹಾರಿಬಿಟ್ಟೇನೆಂದು ಹಿಡಿದಿದ್ದಳೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಅದು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆ. ಕಾಯುವ ಕೋಣೆಯಲ್ಲಿ ಕುರ್ಚಿಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದರು. ಟಿವಿಯಲ್ಲಿ ಯಾರೋ ಹೆಂಗಸು ನಗುನಗುತ್ತ ಪಲಾವ್ ಮಾಡುತ್ತಿದ್ದಳು. ಒಳಗೆ ಡಾಕ್ಟರ ಹತ್ತಿರ ಮೊದಲು ಹೋದವನು ಅಣ್ಣ. ಬಹಳ ಹೊತ್ತು ಮಾತಾಡಿದ. ನನ್ನನ್ನು ಕರೆಯುವ ಹೊತ್ತಿಗೆ ನನ್ನ ಕಥೆ ಮುಗಿದಿತ್ತು. ಆ ಡಾಕ್ಟರು ಧಾರವಾಡದ ಕಡೆಯವರು, ರೊಟ್ಟಿ ತಿಂದು ಬೆಳೆದವರು.

“ಮುದ್ದೆ ಅಗೀತಾಳೆ ಸಾರ್” ಎಂದು ಅಣ್ಣ ನನ್ನೆದುರಿಗೇ ಇನ್ನೊಂದು ಸಲ ಹೇಳಿದ, ಕೊನೆಯ ಅಸ್ತ್ರ ಬಿಡುವವನ ಹಾಗೆ.

“ಮುದ್ದಿ ಅಗದ್ರ ಏನಾತ್ರಿ?” ಅಂದರು ಡಾಕ್ಟರು.

ಅಣ್ಣ ಅವರಿಗೆ ಮುದ್ದೆ ನುಂಗುವ ಕ್ರಮವನ್ನು ಕೈಯಾಡಿಸಿ ವಿವರಿಸತೊಡಗಿದ. ನನಗೆ ನಗು ತಡೆಯಲಾಗಲಿಲ್ಲ. ನಕ್ಕದ್ದನ್ನೂ ಅವರು ಬರೆದುಕೊಂಡರು. ಯಾಕೆ ಅಗಿದೆ ಎಂದು ನನ್ನನ್ನು ಒಬ್ಬರೂ ಕೇಳಲಿಲ್ಲ. ಸಹಿ ಹಾಕಿದವನು ಅಣ್ಣ. ನನ್ನ ಕೈಗಡಿಯಾರ, ಓಲೆ, ಫೋನು ಬಿಚ್ಚಿಸಿಕೊಂಡು ಅಮ್ಮನ ಸೆರಗಿಗೆ ಹಾಕಿದರು. ಕಬ್ಬಿಣದ ಜಾಲರಿ ಬಾಗಿಲು ನನ್ನ ಹಿಂದೆ ಮುಚ್ಚಿಕೊಂಡಿತು. ಅಮ್ಮ ಆಚೆ ನಿಂತು ಅಳುತ್ತಿದ್ದಳು. ನನಗೆ ಅವಳ ಮೇಲೆ ಬಂದ ಸಿಟ್ಟು ಎಂಥದ್ದೆಂದರೆ, ತಿರುಗಿ ಕೂಡ ನೋಡಲಿಲ್ಲ.

ಅಲ್ಲಿ ನನಗೆ ಒಳ್ಳೆಯದೂ ಆಯಿತು, ಅದನ್ನು ಮುಚ್ಚಿಡಬಾರದು. ನಿದ್ದೆ ಬಂತು. ಸ್ಟಾಫ್ ರೂಮಿನ ಪಿಸುಮಾತು ದೂರವಾಗುತ್ತ ಹೋಗಿ ಒಂದು ದಿನ ನಿಂತೇಹೋಯಿತು. ಒಬ್ಬ ನರ್ಸು ತನ್ನ ಬಾಚಣಿಗೆ ಕೊಟ್ಟು, ಹಿಂದೆ ನಿಂತು ಜಡೆಯನ್ನೂ ಹೆಣೆದಳು. ಆದರೆ ದಿನಾ ಬೆಳಿಗ್ಗೆ ಡಾಕ್ಟರು ಬಂದು ಕೇಳುತ್ತಿದ್ದದ್ದು ಅದೇ ಪ್ರಶ್ನೆ. ಊಟದಲ್ಲಿ ಅಮ್ಮ ಏನೋ ಬೆರೆಸುತ್ತಾರೆ ಅಂತ ಈಗಲೂ ಅನಿಸುತ್ತದೆಯೇ? ಅನಿಸುತ್ತದೆ ಎಂದರೆ ಅವರು ತಲೆಯಾಡಿಸಿ ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಪಕ್ಕದ ಮಂಚದಲ್ಲಿ ಬಾಗೇಪಲ್ಲಿ ಕಡೆಯ ಒಬ್ಬ ಮುದುಕಿ ಇದ್ದಳು, ಲಕ್ಷ್ಮಮ್ಮ, ತೆಲುಗಿನವಳು. ಅವಳು ಇದನ್ನೆಲ್ಲ ಕೆಲವು ದಿನ ನೋಡಿ, ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದಳು.

“ಪಿಚ್ಚಿದಾನಾ, ಅನ್ನಂಲೋ ಏಮೀ ಲೇದು ಅನಿ ಚೆಪ್ಪು. ಇಂಟಿಕಿ ಪಂಪಿಸ್ತಾರು” ಅಂದಳು. ಊಟದಲ್ಲಿ ಏನೂ ಇಲ್ಲ ಅನ್ನು, ಮನೆಗೆ ಕಳಿಸುತ್ತಾರೆ ಎಂದು. ಹುಚ್ಚಿ ಎಂದು ನನ್ನನ್ನು ಅಷ್ಟು ಅಕ್ಕರೆಯಿಂದ ಕರೆದವರು ಅವಳೊಬ್ಬಳೇ.

ಮಾರನೆಯ ಬೆಳಿಗ್ಗೆ ಡಾಕ್ಟರು ಕೇಳಿದರು. “ಇಲ್ಲ ಡಾಕ್ಟರೇ, ಅದೆಲ್ಲ ನನ್ನ ಭ್ರಮೆ. ಊಟದಲ್ಲಿ ಏನೂ ಇರಲಿಲ್ಲ” ಅಂದೆ. ಅವರಿಗೆ ನಿಜವಾಗಿಯೂ ಸಂತೋಷವಾಯಿತು. ಕೆಲವು ದಿನ ಬಿಟ್ಟು ಅದೇ ಉತ್ತರ ಇನ್ನೊಂದು ಸಲ ಕೊಟ್ಟೆ. ಮನೆಗೆ ಕಳಿಸಿದರು.

ಆಮೇಲೆ ವರ್ಷಗಟ್ಟಲೆ ಚೆನ್ನಾಗಿದ್ದೆ. ಮಾತ್ರೆಯನ್ನು ನಾನೇ ನುಂಗುತ್ತಿದ್ದೆ, ಪಾಠ ಮಾಡುತ್ತಿದ್ದೆ, ಎಳನೀರಿನವನ ಹತ್ತಿರ ಎಳನೀರನ್ನೂ ಕುಡಿದೆ. ಮನೆಯಲ್ಲಿ ಯಾರೂ ಕೈವಾರದ ಹೆಸರೆತ್ತುತ್ತಿರಲಿಲ್ಲ. ನೆಂಟರು ಅಲ್ಲಿಗೆ ಹೊರಟರೆ ಅಣ್ಣ ಎದ್ದು ಹೊರಗೆ ಹೋಗುತ್ತಿದ್ದ. ಅಮ್ಮನನ್ನು ನಾನು ಕೇಳಲಿಲ್ಲ. ಕೇಳಿದರೆ ಕಾಯಿಲೆ ಮತ್ತೆ ಬಂತು ಅನ್ನುತ್ತಾರೆ. ಕಾಯಿಲೆಯವರಿಗೆ ಇದೊಂದು ದೊಡ್ಡ ಕಷ್ಟ. ಮಾಮೂಲಿ ಜನ ಸಿಟ್ಟು ಮಾಡಿಕೊಂಡರೆ ಸಿಟ್ಟು, ನಾವು ಮಾಡಿಕೊಂಡರೆ ಲಕ್ಷಣ.

ತೂಕ ಏರಿತು, ಕೈ ನಡುಗುತ್ತಿತ್ತು, ಚೆನ್ನಾಗಿದ್ದೀನಲ್ಲ ಎಂದು ಮಾತ್ರೆ ಬಿಟ್ಟೆ. ಮಳೆಗಾಲ ಮುಗಿಯುವ ಹೊತ್ತಿಗೆ ಎಳನೀರಿನವನ ಮಚ್ಚು ಮತ್ತೆ ನನ್ನನ್ನು ನೋಡಿ ಏಳತೊಡಗಿತು. ಮತ್ತೆ ಬಿಸ್ಕತ್ತು, ಮತ್ತೆ ಬಾಳೆಹಣ್ಣು. ಈ ಸಲ ಅಮ್ಮ ಮೊದಲು ಯಾರನ್ನೂ ಕರೆಯಲಿಲ್ಲ. ಎದುರಿಗೆ ಬಂದು ಕೂತಳು.

“ಆಸ್ಪತ್ರೆಗೆ ಹೋಗಣ ಕಣೇ.”

“ಕೈವಾರಕ್ಕಾ?”

ಅವಳ ಮುಖ ಕಪ್ಪಿಟ್ಟಿತು. “ಆಸ್ಪತ್ರೆಗೆ. ಚಿಕ್ಕಬಳ್ಳಾಪುರಕ್ಕೆ. ಬಸ್ಸಲ್ಲಿ ಹೋಗಣ, ನೀನೇ ಟಿಕೆಟ್ ತಗೋ.”

ಟಿಕೆಟ್ ನಾನೇ ತೆಗೆದೆ. ಬಸ್ಸಿನ ಬಾಗಿಲ ಪಕ್ಕದ ಸೀಟಿನಲ್ಲಿ ಕೂತು, ಊರೂರಿನ ಬೋರ್ಡು ಓದುತ್ತ ಹೋದೆ. ಬಸ್ಸು ಹೇಳಿದ ದಾರಿಯಲ್ಲೇ ಹೋಗುತ್ತಿದೆಯೋ ಇಲ್ಲವೋ ನೋಡಬೇಕಿತ್ತು. ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ ಅಣ್ಣ ಹತ್ತಿಕೊಂಡ. ನನ್ನ ಪಕ್ಕ ಕೂರುವ ಧೈರ್ಯವಾಗದೆ ಹಿಂದೆ ಹೋಗಿ ಕೂತ.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಕಾಯುವ ಜಾಗ ಒಂದು ಉದ್ದನೆಯ ಪಡಸಾಲೆ. ಜ್ವರದವರು, ಕೈ ಮುರಿದವರು, ನಾನು, ಎಲ್ಲರೂ ಒಂದೇ ಬೆಂಚಿನ ಮೇಲೆ. ಅದು ನನಗೆ ಹಿಡಿಸಿತು. ಒಳಗೆ ಕರೆದಾಗ ಅಣ್ಣ ಅಭ್ಯಾಸಬಲದಿಂದ ಮುಂದೆ ನಡೆದ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. “ಸಾರ್, ನೀವು ಸ್ವಲ್ಪ ಹೊರಗಿರಿ. ಮೊದಲು ಮೇಡಮ್ ಹತ್ರ ಮಾತಾಡ್ತೀನಿ” ಅಂದರು. ನನಗೆ ತಕ್ಷಣ ಅನುಮಾನ ಬಂತು. ನನ್ನನ್ನು ಮೇಡಮ್ ಅನ್ನುತ್ತಾರೆ, ಕೂರಿಸಿ ಮಾತಾಡಿಸುತ್ತಾರೆ. ಮುದ್ದೆಯ ಮೇಲೆ ಬಿಟ್ಟ ತುಪ್ಪದ ಹಾಗಿದೆಯಲ್ಲ ಇದು ಅಂದುಕೊಂಡೆ.

“ಅಡ್ಮಿಟ್ ಆದ್ರೆ ಒಳ್ಳೇದು ಅಂತ ನನಗನಿಸುತ್ತೆ” ಅಂದರು. “ನೀವು ಒಪ್ಪಿದ್ರೆ ನೀವೇ ಸಹಿ ಮಾಡ್ತೀರ. ಮನೆಗೆ ಹೋಗ್ಬೇಕು ಅನಿಸಿದಾಗ ನೀವೇ ಕೇಳ್ಬೋದು.”

“ಒಪ್ಪದಿದ್ರೆ?”

“ಇವತ್ತು ಮಾತ್ರೆ ಬರೆದು ಕಳಿಸ್ತೀನಿ. ಆದ್ರೆ ಊಟ ಬಿಟ್ಟು ಜೀವಕ್ಕೆ ಅಪಾಯ ಆಗೋ ಹಾಗಾದ್ರೆ, ನಿಮ್ಮ ಕಡೆಯವರು ಕೇಳಿದ್ರೆ, ಇನ್ನೊಬ್ಬ ಡಾಕ್ಟರೂ ಬೇರೆಯಾಗಿ ನೋಡಿ ಹೂಂ ಅಂದ್ರೆ, ಆಗ ನೀವು ಒಪ್ಪದೇನೂ ಸೇರಿಸ್ಬೋದು.”

“ಅಂದ್ರೆ ಬಾಗಿಲು ಎರಡು, ಮನೆ ಒಂದೇ.”

“ಹೂಂ. ಹಂಗೂ ಅನ್ನಬೋದು” ಅಂದರು. ಇಲ್ಲ ಇಲ್ಲ, ಹಾಗೇನಿಲ್ಲ ಎಂದು ಸಮಾಧಾನ ಮಾಡಿದ್ದರೆ ನಾನು ಎದ್ದು ಹೋಗುತ್ತಿದ್ದೆ. ಅವರು ನನ್ನ ಹಳೆಯ ಕಾಗದಗಳನ್ನು ತಿರುವುತ್ತಿದ್ದರು. ಒಂದು ಕಡೆ ಬೆರಳು ನಿಂತಿತು.

“ಮುದ್ದೆ ಅಗೀತಾರೆ ಅಂತ ಬರೆದಿದ್ದಾರೆ. ನಾನು ನಗರಗೆರೆಯವಳು ಮೇಡಮ್. ನಮ್ಮಲ್ಲಿ ಸುಮ್‌ಸುಮ್ನೆ ಯಾರೂ ಮುದ್ದೆ ಅಗಿಯಲ್ಲ. ನೀವ್ಯಾಕೆ ಅಗಿದ್ರಿ?”

ಇಷ್ಟು ವರ್ಷಕ್ಕೆ ಮೊದಲ ಸಲ ಒಬ್ಬರು ಕೇಳಿದ್ದರು. ತುಪ್ಪದ ಗುಳಿ, ಕಹಿ, ಪುಡಿ, ಬಿಗಿಯುವ ಬೆರಳು ಎಲ್ಲ ಹೇಳಿದೆ. ಅವರು ಬರೆದುಕೊಳ್ಳಲಿಲ್ಲ, ಕೇಳಿಸಿಕೊಂಡರು. ಆಮೇಲೆ ನನ್ನನ್ನೇ ಕೇಳಿದರು, “ಅಮ್ಮನ್ನ ಒಳಗೆ ಕರೀಲಾ?”

ಅಮ್ಮನ ಹಿಂದೆ ಅಣ್ಣನೂ ಬಂದ. ಡಾಕ್ಟರು ನೇರವಾಗಿ ಕೇಳಿದರು, “ಅಮ್ಮ, ಆವಾಗ ಇವರ ಮುದ್ದೆಗೆ ಏನಾದ್ರೂ ಹಾಕ್ತಿದ್ರಾ?”

“ಅವೆಲ್ಲ ಹಳೇದು ಮೇಡಮ್” ಅಂದ ಅಣ್ಣ.

“ನೀನು ಸುಮ್ನಿರೋ” ಅಂದಳು ಅಮ್ಮ. ಅವಳು ನನ್ನ ಕಡೆ ತಿರುಗಿದಳು, ಡಾಕ್ಟರ ಕಡೆಗಲ್ಲ. “ಹಾಕ್ತಿದ್ದೆ ಕಣೇ. ಇವನು ಯಾವುದೋ ಡಾಕ್ಟರ ಹತ್ರ ನಿನ್ನ ಸಂಗತಿ ಹೇಳಿ ಮಾತ್ರೆ ತಂದಿದ್ದ. ನಾನೇ ಒರಳಲ್ಲಿ ಅರೆದು ತುಪ್ಪದಲ್ಲಿ ಕಲಸಿ ಹಾಕ್ತಿದ್ದೆ.”

ನನಗೆ ಮೊದಲು ಬಂದದ್ದು ಸಂತೋಷ. ಆಮೇಲೆ ಬಂದದ್ದು ಬೆಂಕಿಯಂಥ ಕೋಪ.

“ಊಟದಲ್ಲಿ ಏನೂ ಇಲ್ಲ ಅಂತ ಸುಳ್ಳು ಹೇಳಿ ಹೊರಗೆ ಬಂದೆ ಕಣಮ್ಮ ನಾನು. ನಿಜ ಹೇಳಿದಷ್ಟು ದಿನ ಒಳಗಿಟ್ಟಿದ್ರು. ನೀನು ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ?”

“ಹೆಂಗೆ ಹೇಳಲಿ? ಹೇಳಿದ್ರೆ ಮತ್ತೆ ನನ್ನ ಕೈಯಿಂದ ತುತ್ತು ತಿಂತಿದ್ಯಾ? ನಾಗತ್ತೇನ ಕಳಿಸಿದ್ದನ್ನ ನಾನು ನೋಡಿದ್ದೀನಿ.”

ನಾಗತ್ತೆ ಅಪ್ಪನ ಅಕ್ಕ. ಗೌರಿಬಿದನೂರಿನ ನಮ್ಮ ಹಳೆಯ ಮನೆಯಲ್ಲಿ ಅವಳ ಒಂದು ಫೋಟೋ ಕೂಡ ಇರಲಿಲ್ಲ. ಹಿಂದೂಪುರದ ನೆಂಟರ ಮನೆಯಲ್ಲಿದ್ದಾಳೆ ಎಂದು ಅಪ್ಪ ಹೇಳುತ್ತಿದ್ದರು, ನಾವು ನಂಬಿದ್ದೆವು. ಅವತ್ತು ಆ ಕೋಣೆಯಲ್ಲಿ ಅಮ್ಮ ಹೇಳಿದಳು. ಹೊಸದಾಗಿ ಮದುವೆಯಾಗಿ ಬಂದ ಕಾಲ. ಜೀಪು ಬಂತು, ಪೊಲೀಸರೂ ಇದ್ದರು. ಆಗ ಕೋರ್ಟಿನ ಆರ್ಡರು ಬೇಕಿತ್ತಂತೆ. ಕೋರ್ಟಿನ ಸಾಹೇಬರು ನಾಗತ್ತೆಯ ಮುಖ ನೋಡಿ, ಮನೆಯವರ ಮಾತು ಕೇಳಿ, ಹುಚ್ಚಾಸ್ಪತ್ರೆಗೆ ಕಳಿಸಿ ಅಂದರಂತೆ. ಜೀಪು ಹತ್ತುವಾಗ ನಾಗತ್ತೆ ಅಮ್ಮನ ಕೈಗೆ ಒಣಗಲು ಹಾಕಿದ ಸೀರೆ ಕೊಟ್ಟು, ‘ಮಡಿಸಿಡು, ಬಂದು ಉಟ್ಕೋತೀನಿ’ ಅಂದಳಂತೆ. ಅಪ್ಪ ಹೋಗಿ ನೋಡಿದಾಗ ತಲೆ ಬೋಳಿಸಿದ್ದರು, ಅವಳಿಗೆ ತಮ್ಮನ ಗುರುತು ಹತ್ತಲಿಲ್ಲ. ಆಮೇಲೆ ಹೋಗುವುದನ್ನೂ ಬಿಟ್ಟರು.

“ನಿನ್ನನ್ನೂ ಹಂಗೆ ಕಳ್ಕೋತೀನಿ ಅಂತ, ಮನೇಲೇ ವಾಸಿ ಮಾಡಣ ಅಂತ ಹಾಕಿದೆ. ನೀನು ಅಗಿದುಬಿಟ್ಟೆ” ಅಂದಳು ಅಮ್ಮ. ಅಣ್ಣ ಗೋಡೆ ಕಡೆ ತಿರುಗಿ ಮೂಗು ಒರೆಸಿಕೊಳ್ಳುತ್ತಿದ್ದ.

ಡಾಕ್ಟರು ನನಗೆ ನೀರು ಕೊಟ್ಟರು. ನಾನು ಮೂಸಿ ನೋಡಿ ಕುಡಿದೆ. “ಮುದ್ದೆ ವಿಷಯದಲ್ಲಿ ನೀವು ಹೇಳಿದ್ದು ನಿಜ” ಅಂದರು. “ಅದನ್ನ ಇವತ್ತೇ ಸರಿಯಾಗಿ ಬರೀತೀನಿ. ಆದ್ರೆ ಎಳನೀರಿನವನು?” ಬೇರೆ ಯಾವತ್ತು ಕೇಳಿದ್ದರೂ ಅವನೂ ನಿಜ ಎಂದು ವಾದ ಮಾಡುತ್ತಿದ್ದೆ. ನನ್ನದೊಂದು ಮಾತು ನಿಜವೆಂದು ಅವರು ಒಪ್ಪಿಕೊಂಡ ಮೇಲೆ, ಉಳಿದದ್ದು ಸುಳ್ಳಿರಬಹುದು ಎಂದು ಯೋಚಿಸಲು ನನಗೂ ಧೈರ್ಯ ಬಂತು. “ಅವನು... ಗೊತ್ತಿಲ್ಲ” ಅಂದೆ. ಅಷ್ಟು ಹೇಳಲು ನನಗೆ ಬಹಳ ಕಷ್ಟವಾಯಿತು.

ಕಾಗದವನ್ನು ಎರಡೂ ಕಡೆ ಓದಿ ಸಹಿ ಮಾಡಿದೆ. ನನಗೆ ತಿಳಿವಳಿಕೆ ತಪ್ಪಿದಾಗ ನನ್ನ ಪರವಾಗಿ ಮಾತಾಡಲು ಒಬ್ಬರ ಹೆಸರನ್ನು ನಾನೇ ಬರೆಯಬೇಕಿತ್ತು. ಅಣ್ಣ ಕೆಳಗೆ ನೋಡಿದ. ನಾನು ಅಮ್ಮನ ಕಡೆ ತಿರುಗಿದೆ.

“ನಿನ್ನ ಹೆಸರು ಬರೀತೀನಿ. ಇನ್ಮೇಲೆ ನನಗೆ ಗೊತ್ತಿಲ್ಲದ ಹಾಗೆ ಹಾಕಲ್ಲ ಅಂತ ಹೇಳು.”

ಅಮ್ಮ ಯೋಚನೆ ಮಾಡಿದಳು. “ನೀನು ಊಟ ನಿದ್ದೆ ಬಿಟ್ಟು ಮಾತ್ರೇನೂ ಬೇಡ ಅಂತ ಕೂತ್ರೆ ಹಾಕಲ್ಲ ಅಂತ ಹೆಂಗೆ ಹೇಳಲಿ? ಹಾಕಿದ್ರೆ ಹೇಳ್ತೀನಿ. ಅಷ್ಟೇ ನನ್ನ ಕೈಲಾಗೋದು.”

ಭಾಷೆ ಕೊಟ್ಟಿದ್ದರೆ ನಾನು ನಂಬುತ್ತಿರಲಿಲ್ಲ. ಅವಳ ಹೆಸರು ಬರೆದೆ.

ಆ ವಾರ್ಡಿನಲ್ಲಿ ಎಲ್ಲ ಸ್ವರ್ಗವಾಗಿತ್ತು ಅಂತ ಯಾರೂ ತಿಳಿಯಬೇಡಿ. ಬಚ್ಚಲಿಗೆ ಒಳಗಿನ ಚಿಲಕ ಇರಲಿಲ್ಲ, ಹಿಂದಿನ ಆಸ್ಪತ್ರೆಯ ಹಾಗೇ. ಸಿಬ್ಬಂದಿಯವರು ನನ್ನ ಪ್ರಶ್ನೆಗೆ ಅಮ್ಮನ ಮುಖ ನೋಡಿ ಉತ್ತರ ಕೊಡುತ್ತಿದ್ದರು. ಆದರೆ ಫೋನು ನನ್ನ ದಿಂಬಿನ ಕೆಳಗಿತ್ತು. ಅಮ್ಮ ಪಕ್ಕದಲ್ಲೇ ಚಾಪೆ ಹಾಕಿಕೊಂಡಿದ್ದಳು. ಮಾತ್ರೆ ಕೊಡುವಾಗ ಅದರ ಹೆಸರು ಕೇಳಿದರೆ ಹೇಳುತ್ತಿದ್ದರು. ವಾಪಸು ಬಂದ ಮೇಲೆ ಅಣ್ಣ ಶಾಲೆಗೆ ಕಾಮಾಲೆ ಅಂತ ಹೇಳಿದ್ದನೆಂದು ತಿಳಿಯಿತು. ನಾನು ಹೆಡ್‌ಮಿಸ್ಸಿನ ಎದುರು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಚಹಾ ತರಿಸಿದರು. ಅದನ್ನೂ ಮೂಸಿಯೇ ಕುಡಿದೆ.

ಈಗಲೂ ಮನೆಯಲ್ಲಿ ಮೊದಲ ತುತ್ತು ಅಗಿಯುತ್ತೇನೆ. ಅಮ್ಮ ತಟ್ಟೆ ಇಡುವಾಗಲೇ “ಬರೀ ರಾಗಿ ಕಣೇ” ಅನ್ನುತ್ತಾಳೆ. ನಾನು ಅಗಿದು ನೋಡುತ್ತೇನೆ, ಬರೀ ರಾಗಿಯೇ ಇರುತ್ತದೆ. ಇಬ್ಬರಿಗೂ ಇದು ರೂಢಿಯಾಗಿದೆ.

ಕಳೆದ ಚಳಿಗಾಲದಲ್ಲಿ ನನಗೆ ಮತ್ತೆ ನಿದ್ದೆ ತಪ್ಪಿತು. ಮಾತ್ರೆ ಬೇಡವೆಂದು ಹಟ ಹಿಡಿದೆ. ಅಮ್ಮ ಬೇಡಿಕೊಂಡಳು, ಬೈದಳು, ಡಾಕ್ಟರಿಗೆ ಫೋನು ಮಾಡಿಕೊಟ್ಟಳು, ನಾನು ಮಾತಾಡಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಊಟಕ್ಕೆ ಕರೆದಳು. ಅವರೆಕಾಳಿನ ಸಾರು, ಹಬೆಯಾಡುವ ಮುದ್ದೆ, ನೆತ್ತಿಯ ಗುಳಿಯಲ್ಲಿ ತುಪ್ಪ. ಬರೀ ರಾಗಿ ಅನ್ನಲಿಲ್ಲ ಅವಳು. ತಟ್ಟೆ ಇಟ್ಟು, ಎದುರಿಗೆ ಕೂತು, ನನ್ನ ಮುಖವನ್ನೇ ನೋಡಿದಳು.

“ಹಾಕಿದ್ದೀನಿ ಕಣೇ” ಅಂದಳು.

ನಾನು ತಟ್ಟೆ ತಳ್ಳಬಹುದಿತ್ತು, ಅವಳು ತಡೆಯುತ್ತಿರಲಿಲ್ಲ. ಬಹಳ ಹೊತ್ತು ಕೂತಿದ್ದೆ, ಸಾರು ಆರಿತು. ಆಮೇಲೆ ತುಪ್ಪದ ಗುಳಿಯಿದ್ದ ಕಡೆಯೇ ಬೆರಳಲ್ಲಿ ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಿದೆ.